ಸ್ಪ್ರಿಂಕ್ಲರ್ ಕಲಿಸಿದ ಪೆಟ್ರೋಲ್ ಪ್ರೆಶರ್

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸ್ಪ್ಯಾನರ್ ಹಿಡಿದವನು ನಾನು. ಗೋಣಿಕೊಪ್ಪಲಿನಲ್ಲಿ ಸ್ವಂತ ಗ್ಯಾರೇಜು ಹಾಕಿದ ಮೇಲೆ ಎಂಜಿನ್ನಿನ ವಿಷಯದಲ್ಲಿ ಇನ್ನೊಬ್ಬರ ಬಾಗಿಲಿಗೆ ಹೋಗಿ ಕೇಳಿದ್ದಿಲ್ಲ. ಆ ಜಂಬ ನನಗೆ ಈಗಲೂ ಇದೆ. ಆದರೆ ಒಂದು ಟರ್ಬೊ ಕಾರು ಅದನ್ನು ಸ್ವಲ್ಪ ಅಲ್ಲಾಡಿಸಿತು.

ಕೊಯ್ಲಾದ ಗದ್ದೆಗಳಲ್ಲಿ ನಮ್ಮ ಕಡೆ ಕಾರಿನ ರೇಸು ನಡೆಯುತ್ತದೆ. ಹೋದ ವರ್ಷ ರೇಸಿಗೆ ಹತ್ತು ದಿನ ಇರುವಾಗ, ಹತ್ತಿರದ ಊರಿನಲ್ಲಿ ಕಾಫಿ ತೋಟ ನಡೆಸುವ ಹೆಣ್ಣುಮಗಳೊಬ್ಬರು ತಮ್ಮ ಹಳೆಯ ಪೆಟ್ರೋಲ್ ಕಾರು ತಂದರು. ಮೊದಲ ಸಲ ರೇಸಿಗೆ ಹೆಸರು ಕೊಟ್ಟಿದ್ದರು. ಟರ್ಬೊ ಎಂದರೆ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿನೊಳಕ್ಕೆ ಗಾಳಿ ತುರುಕುವ ಚಕ್ರ. ಅವರು ಆ ಗಾಳಿಯನ್ನು ಹೆಚ್ಚಿಸಿಕೊಂಡಿದ್ದರು. ಗಾಳಿ ಹೆಚ್ಚಿದಂತೆ ಪೆಟ್ರೋಲೂ ಹೆಚ್ಚಬೇಕು, ಇಲ್ಲದಿದ್ದರೆ ಒಳಗೆ ಬಿಸಿಯೇರಿ ಪಿಸ್ಟನ್ ಕರಗುತ್ತದೆ. ಆ ಕಾರಿಗೆ ಇನ್ನೊಂದು ಎಂಜಿನ್ ಎಲ್ಲೂ ಸಿಗುವಂತಿರಲಿಲ್ಲ.

ಟ್ಯಾಂಕಿನೊಳಗಿನ ಪಂಪು ತೆಗೆದು ದೊಡ್ಡದು ಹಾಕಿದೆ. ಪೆಟ್ರೋಲಿನ ಒತ್ತಡ ಹಿಡಿದಿಡುವ ಹೊಸ ರೆಗ್ಯುಲೇಟರ್, ಅದಕ್ಕೊಂದು ಮೀಟರ್ ಕೂಡಿಸಿದೆ. ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿದಾಗ ಮುಳ್ಳು ಮೂರು ಕೆಜಿ ಒತ್ತಡದಲ್ಲಿ ಅಲ್ಲಾಡದೆ ನಿಂತಿತು. ರೆಗ್ಯುಲೇಟರಿನ ತಲೆಯ ಮೇಲೆ ಒಂದು ಸಣ್ಣ ಬಾಯಿ ಇತ್ತು. ಮಳೆಗಾಲದ ಕೆಸರಿನ ಓಟಕ್ಕೆ ಜೀಪು ತಯಾರು ಮಾಡುವಾಗ ಇಂಥ ತೆರೆದ ಬಾಯಿಗಳಿಗೆಲ್ಲ ನೀರು ನುಗ್ಗದಂತೆ ರಬ್ಬರ್ ಟ್ಯೂಬು ಸಿಕ್ಕಿಸಿ, ಅದಕ್ಕೆ ಸ್ಕ್ರೂ ತುರುಕಿ ಮುಚ್ಚುವುದು ನಮ್ಮ ಕಡೆಯ ಪದ್ಧತಿ. ಇದನ್ನೂ ಮುಚ್ಚಿದೆ. ಜೊತೆಗೆ ಬಂದ ಇಂಗ್ಲಿಷ್ ಚೀಟಿಯನ್ನು ಬಿಡಿಸಿಯೂ ನೋಡಲಿಲ್ಲ.

ಮರುದಿನವೇ ಕಾರು ವಾಪಸ್ ಬಂತು. ಆಕ್ಸಿಲರೇಟರ್ ಪೂರ್ತಿ ತುಳಿದರೆ ಎಂಜಿನ್ ಕೆಮ್ಮುತ್ತದೆಯಂತೆ.

"ಪೆಟ್ರೋಲ್ ಸರಿ ಇಲ್ಲ ಮೇಡಂ. ಬೇರೆ ಬಂಕಲ್ಲಿ ಹಾಕ್ಸಿ" ಎಂದೆ.

ಎರಡು ದಿನ ಬಿಟ್ಟು ಮತ್ತೆ ಬಂದರು. "ಬೇರೆ ಬಂಕೂ ಆಯ್ತು ಅಣ್ಣ. ಬಂಕಿನವರ ಮೇಲೆ ಹಾಕಿದ್ರಿ, ಇನ್ನು ಯಾರ ಮೇಲೆ ಹಾಕ್ತೀರ? ದೇವರ ಮೇಲೆ?"

ಮೀಟರ್ ಸರಿ, ಪಂಪು ಸರಿ, ಮತ್ತೆ ಪೆಟ್ರೋಲ್ ಎಲ್ಲಿ ಕಡಿಮೆಯಾಗುತ್ತದೆ? ಊಟ ಮಾಡುವಾಗಲೂ ಅದೇ ಯೋಚನೆ.

ಅದು ಕಾಫಿ ಹೂವಿಗೆ ನೀರು ಹಾರಿಸುವ ಸಮಯ. ಅವರದೇ ತೋಟದಲ್ಲಿ ಸ್ಪ್ರಿಂಕ್ಲರ್ ಎಂಜಿನ್ ಸ್ಟಾರ್ಟ್ ಆಗುತ್ತಿಲ್ಲವೆಂದು ಹೋಗಿದ್ದೆ. ಅದನ್ನು ಸರಿ ಮಾಡಿ ಕೆರೆಯ ಬಳಿ ಕೈ ತೊಳೆಯುತ್ತಿದ್ದಾಗ, ವರ್ಷಗಳಿಂದ ಪೈಪು ಹೊತ್ತು ಪಳಗಿದ ಕೆಲಸದವರೊಬ್ಬರು ಗುಡ್ಡದಿಂದ ಇಳಿದು ಬಂದರು.

"ಮೇಲಿನ ಸ್ಪ್ರಿಂಕ್ಲರ್ ಜೆಟ್ಟು ತಿರುಗ್ತಾ ಇಲ್ಲ. ಇನ್ನೂ ಸ್ವಲ್ಪ ಪ್ರೆಶರ್ ಕೊಡಿ."

"ಮೀಟರ್ ಸರಿ ಉಂಟಲ್ಲ?"

"ಮೀಟರ್ ಇರೋದು ಕೆರೆ ಹತ್ರ ಮಾರಾಯ್ರೆ. ಗುಡ್ಡ ತಿನ್ನೋದು ಅದಕ್ಕೆ ಹೆಂಗೆ ಗೊತ್ತಾಗ್ತದೆ?"

ಹತ್ತು ಮೀಟರ್ ಎತ್ತರಕ್ಕೆ ಒಂದು ಕೆಜಿ ಒತ್ತಡ ಹೋಗುತ್ತದೆ, ಇದು ತೋಟದಲ್ಲಿ ಎಲ್ಲರಿಗೂ ಗೊತ್ತು. ಥ್ರಾಟಲ್ ಏರಿಸುತ್ತಿದ್ದ ನನ್ನ ಕೈ ನಿಂತಿತು. ಟರ್ಬೊ ತುಂಬುವ ಗಾಳಿಯೂ ಒಂದು ಗುಡ್ಡವೇ ಅಲ್ಲವೇ? ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವ ಜಾಗದಲ್ಲಿ ಗಾಳಿ ಎದುರಿನಿಂದ ಒಂದು ಕೆಜಿ ಒತ್ತಿದರೆ, ನನ್ನ ಮೂರು ಕೆಜಿ ಅಲ್ಲಿ ಎರಡೇ. ಗುಡ್ಡ ಎದ್ದಾಗ ಪೆಟ್ರೋಲಿನ ಒತ್ತಡವೂ ಅಷ್ಟೇ ಏಳಬೇಕು. ಗುಡ್ಡ ಎದ್ದಿದೆಯೆಂದು ರೆಗ್ಯುಲೇಟರಿಗೆ ತಿಳಿಯುವುದಾದರೂ ಹೇಗೆ? ಆ ಸಣ್ಣ ಬಾಯಿಂದ. ನಾನು ಸ್ಕ್ರೂ ತುರುಕಿದ ಬಾಯಿಂದ.

ಸುಮ್ಮನೆ ಒಂದು ಪೈಪು ಕೂಡಿಸಿ "ಸರಿ ಆಯ್ತು" ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಕೆಮ್ಮಿಕೊಂಡು ಓಡಿದ ಅಷ್ಟು ದಿನದಲ್ಲಿ ಪಿಸ್ಟನ್ ಏನಾಗಿದೆಯೋ. ಮೇಡಂ ಮನೆಯ ಮುಂದೆ ನಿಂತು ಹೇಳಿದೆ.

"ಪೆಟ್ರೋಲ್ ಸರಿ ಇತ್ತು ಮೇಡಂ. ತಪ್ಪು ನಂದು."

ಸ್ಕ್ರೂವಿನ ಕಥೆ ಪೂರ್ತಿ ಕೇಳಿ ಅವರು ಕಾರಿನ ಕಡೆ ನೋಡಿದರು. "ಎಂಜಿನ್ ಹೋಗಿದ್ಯಾ?"

"ಬಿಚ್ಚಿ ನೋಡ್ಬೇಕು. ಹೋಗಿದ್ರೆ ನಿಮಗೆ ಮುಖ ತೋರ್ಸಕ್ಕೆ ಆಗಲ್ಲ."

"ಮೊದ್ಲು ಎಂಜಿನ್ ನೋಡುವ ಅಣ್ಣ. ಮುಖ ಆಮೇಲೆ ನೋಡುವ."

ನಾಲ್ಕು ಪ್ಲಗ್ಗೂ ಬಿಚ್ಚಿದೆ. ಒಂದರ ತುದಿ ಸುಣ್ಣದಂತೆ ಬೆಳ್ಳಗಾಗಿತ್ತು. ಅತಿಯಾಗಿ ಬಿಸಿಯಾದ ಗುರುತು ಅದು. ಒಂದೊಂದೇ ಸಿಲಿಂಡರಿನ ಕಂಪ್ರೆಶನ್ ಅಳೆದೆ, ಆ ಬಿಳಿ ಪ್ಲಗ್ಗಿನದನ್ನು ಮೂರು ಸಲ. ನಾಲ್ಕೂ ಸಮ ಇತ್ತು, ಪಿಸ್ಟನ್ ಉಳಿದಿತ್ತು.

ಸ್ಕ್ರೂ ಕಿತ್ತು, ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯಿಂದ ರೆಗ್ಯುಲೇಟರಿನ ಬಾಯಿಗೆ ಸಣ್ಣ ಪೈಪು ಎಳೆದೆ. ಸ್ಟಾರ್ಟ್ ಮಾಡಿದರೆ ಮುಳ್ಳು ಮೂರರಿಂದ ಕೆಳಗಿಳಿಯಿತು. ಗಾಬರಿಯಾದೆ. ಆಮೇಲೆ ಹೊಳೆಯಿತು: ಆರಾಮಾಗಿ ಓಡುವಾಗ ಎಂಜಿನ್ ಗಾಳಿಯನ್ನು ಹೀರುತ್ತದೆ, ಅಲ್ಲಿ ಗುಡ್ಡವಿಲ್ಲ, ಇಳಿಜಾರು. ಮೀಟರನ್ನು ಮುಂದಿನ ಗಾಜಿಗೆ ಹೊರಗಿನಿಂದ ಟೇಪು ಹಾಕಿ ಅಂಟಿಸಿ ತೋಟದ ಏರು ರಸ್ತೆಗೆ ಹೋದೆವು. ಅವರು ತುಳಿದರು, ನಾನು ಮುಳ್ಳು ನೋಡಿದೆ. ಮೂರು ದಾಟಿತು, ಮೂರೂವರೆ, ನಾಲ್ಕಕ್ಕೆ ಹತ್ತಿರ.

"ಎಷ್ಟು?"

"ಏರ್ತಾ ಉಂಟು. ತುಳೀರಿ."

ರೇಸಿನ ದಿನ ಗದ್ದೆಯ ಬದುವಿನ ಮೇಲೆ ನಿಂತು ನಾನು ಸದ್ದನ್ನಷ್ಟೇ ಕೇಳಿದೆ. ಎಲ್ಲೂ ಕೆಮ್ಮಲಿಲ್ಲ. ಕೊನೆಯ ತಿರುವಿನಲ್ಲಿ ಅವರು ಜಾರಿ ಬದುವಿಗೆ ಗುದ್ದಿದರು, ಬಹುಮಾನ ಕೈತಪ್ಪಿತು. ಇಳಿದು ಬಂದು ಧೂಳು ತುಂಬಿದ ಹೆಲ್ಮೆಟ್ ನನ್ನ ಕೈಗೆ ಕೊಟ್ಟರು.

"ಬಂಪರ್ ಹೋಯ್ತು ಅಣ್ಣ. ಇದು ನನ್ನ ತಪ್ಪು."