ಎರಡನೇ ಸಲ ಹೇಳುವ ಹೆಣ್ಣು

ದೆವ್ವದ ಸಿನಿಮಾ ಎಂದರೆ ನನಗೆ ಮೈ ಉರಿಯುತ್ತದೆ. ಹೆದರಿಕೊಳ್ಳಲು ನಮ್ಮಲ್ಲಿ ಕಾರಣಗಳಿಗೇನು ಬರವೇ, ಅದಕ್ಕೂ ಮೊಬೈಲಿಗೆ ಡೇಟಾ ಹಾಕಿಸಬೇಕೇ? ನಾನು ಹೀಗೆ ಗೊಣಗಿದಾಗಲೆಲ್ಲ ರಜಿಯಾ ಬೇಗಂ ಹೊಲಿಗೆ ಮಷಿನ್ನಿನಿಂದ ತಲೆ ಎತ್ತದೆಯೇ ನಗುತ್ತಾಳೆ. ಮಾನ್ವಿಯ ನಮ್ಮ ಓಣಿಯಲ್ಲಿ ಬ್ಲೌಸು, ಚೂಡಿದಾರ, ಶಾಲೆ ಮಕ್ಕಳ ಯೂನಿಫಾರ್ಮು ಹೊಲಿಯುವವಳು ಆಕೆಯೇ. ಮನೆಯ ಮುಂದಿನ ಕೋಣೆಯೇ ಅಂಗಡಿ. ದಾರದ ಡಬ್ಬಕ್ಕೆ ಮೊಬೈಲ್ ಒರಗಿಸಿಟ್ಟು, ಅರ್ಧ ಕಣ್ಣಿನಿಂದ, ಪೂರ್ತಿ ಕಿವಿಯಿಂದ ಸಿನಿಮಾ ನೋಡುತ್ತಾಳೆ.

ಅಳತೆ ಕೊಡಲು ಬಂದ ಹೆಂಗಸರು ಹೋಗುವಾಗ ಆಕೆಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆದು ಕೇಳುವುದು ಒಂದೇ ಮಾತು, "ಖಾಲಾ, ಈಗ ಯಾವುದು ನೋಡ್ಲಿ?" ಆಕೆ ಹೇಳುವುದೆಲ್ಲ ದೆವ್ವದ ಸಿನಿಮಾ, ಅದರಲ್ಲೂ ಹೆಣ್ಣೇ ಮುಂದೆ ನಿಂತಿರುವಂಥದ್ದು. ಗಂಡು ಬಂದು ಮಂತ್ರವಾದಿಯನ್ನು ಕರೆಸಿ ಬಿಡಿಸುವ ಸಿನಿಮಾ ಆಕೆಗೆ ಆಗುವುದಿಲ್ಲ. ಹೆಸರು ಕೇಳಿದ ಮೇಲೆ ಹೆಂಗಸರದು ಇನ್ನೊಂದು ಪ್ರಶ್ನೆ ಇದ್ದೇ ಇರುತ್ತದೆ, "ಆಕಿ ಉಳಿತಾಳ ಏನ್ರಿ?" ಬೇರೆ ಕಡೆ ಕೊನೆ ಹೇಳಿಬಿಟ್ಟರೆ ಜನ ಜಗಳಕ್ಕೆ ಬರುತ್ತಾರಂತೆ. ಇಲ್ಲಿ ಕೊನೆ ಹೇಳದಿದ್ದರೆ ಯಾರೂ ನೋಡುವುದೇ ಇಲ್ಲ. ಮನೆಗೆಲಸವೆಲ್ಲ ಮುಗಿಸಿ, ಮೂಲೆಯಲ್ಲಿ ಕೂತು, ಕಡೆಗೆ ಅವಳು ಸಾಯುವುದನ್ನು ಯಾರು ನೋಡುತ್ತಾರೆ? ರಜಿಯಾ ಬೇಗಂ ಏನನ್ನೂ ಮುಚ್ಚಿಡದೆ ಕೊನೆ ಹೇಳಿಬಿಡುತ್ತಾಳೆ.

ಸಿನಿಮಾ ಆರಿಸಲು ಆಕೆಯದೇ ಒಂದು ಜರಡಿ ಇದೆ.

"ಎಲ್ಲಾ ಸಿನಿಮಾದಾಗೂ ಒಂದು ಜಾಗಾ ಬರ್ತದ ಟೀಚರ್. ಮನ್ಯಾಗ ಏನೋ ಅದ ಅಂತ ಆಕಿ ಹೇಳ್ತಾಳ. ಒಬ್ಬರೂ ನಂಬಂಗಿಲ್ಲ. ನಿದ್ದಿ ಆಗಿಲ್ಲ, ತಲಿ ಕೆಟ್ಟದ ಅಂತಾರ. ಅಲ್ಲಿ ಬಾಯಿ ಮುಚ್ಕೊಂಡ್ಲು ಅಂದ್ರ ನಾ ಸಿನಿಮಾ ಬಂದ್ ಮಾಡ್ತೀನಿ. ಎರಡನೇ ಸಲ ಹೇಳಿದ್ಲು ಅಂದ್ರ ಪೂರಾ ನೋಡ್ತೀನಿ."

ಈ ಜರಡಿ ಎಲ್ಲಿಂದ ಬಂತು ಎಂದು ಒಮ್ಮೆ ಹೆಮ್ಮಿಂಗ್ ಹಾಕುತ್ತಾ ತಾನಾಗಿಯೇ ಹೇಳಿದಳು. ರಾಯಚೂರಿನ ಗಂಡನ ಮನೆಗೆ ಹೋದ ಹೊಸದರಲ್ಲಿ ಬಚ್ಚಲ ಕಿಟಕಿಯ ಆಚೆ ಯಾರೋ ಬಂದು ನಿಲ್ಲುತ್ತಾರೆ ಎಂದು ಅತ್ತೆಗೆ ಹೇಳಿದ್ದಳಂತೆ. ಹೊಸ ಸೊಸೆಯ ಮೇಲೆ ಜಿನ್ನಿನ ಕಣ್ಣು ಬಿದ್ದಿದೆ ಎಂದು ಅತ್ತೆ ತಾಯಿತ ಕಟ್ಟಿಸಿದರು. "ಜಿನ್ನಿಗೆ ಬೀಡಿ ವಾಸನಿ ಇರ್ತದೇನ್ರಿ ಟೀಚರ್?" ಎಂದು ನನ್ನನ್ನು ಕೇಳಿದಳು. ಮನೆಯಲ್ಲಿ ಆ ಬೀಡಿ ಸೇದುವವನು ಯಾರೆಂದು ಆಕೆಗೆ ಗೊತ್ತಿತ್ತು. ಆದರೆ ಎರಡನೇ ಸಲ ಹೇಳಲಿಲ್ಲ. ಗಂಡ ತೀರಿಕೊಂಡು ಮಾನ್ವಿಗೆ ಬರುವವರೆಗೂ ಆ ತಾಯಿತ ಕೊರಳಲ್ಲೇ ಇತ್ತು.

ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ ನಾನು ಹೊಸ ಬ್ಲೌಸು ತೊಟ್ಟು ನೋಡಲು ಹೋಗಿದ್ದೆ. ರಜಿಯಾ ಬೇಗಂ ಒಂದು ತೋಳಿಗೆ ಗುಂಡುಸೂಜಿ ಚುಚ್ಚಿ ಇನ್ನೊಂದಕ್ಕೆ ಕೈ ಹಾಕುವಾಗ ಆಕೆಯ ಫೋನು ಬಡಿದುಕೊಂಡಿತು. ದೇವದುರ್ಗದಿಂದ ಸುಮಂಗಲಾ.

ಸುಮಂಗಲಾ ಬಾಗಲವಾಡದ ಗದ್ದೆಪ್ಪನ ಮಗಳು. ಗದ್ದೆಪ್ಪ ರಾಯಚೂರಿನ ಅಕ್ಕಿ ಮಿಲ್ಲಿನಲ್ಲಿ ಹಮಾಲಿ ಮಾಡಿ ಅವಳನ್ನು ಓದಿಸಿದ. ಮಾನ್ವಿಯಲ್ಲಿ ಕಾಲೇಜಿಗೆ ಬರುತ್ತಿದ್ದಾಗ ಅವಳು ರಜಿಯಾ ಬೇಗಂ ಹತ್ತಿರ ಹೊಲಿಗೆ ಕಲಿತಳು, ಹೊಲಿಗೆಗಿಂತ ಹೆಚ್ಚು ಸಿನಿಮಾ ನೋಡಿದಳು. ಈಗ ದೇವದುರ್ಗದಲ್ಲಿ ನರ್ಸು. ಆ ಮನೆತನದಲ್ಲಿ ಸರ್ಕಾರಿ ಸಂಬಳ ಕಂಡ ಮೊದಲ ಜೀವ ಅದು. ಮಗಳು ಒಬ್ಬಳೇ ಬಾಡಿಗೆ ಕೋಣೆಯಲ್ಲಿ ಇರುವುದಕ್ಕೆ ಗದ್ದೆಪ್ಪ ಒಪ್ಪಿದ್ದು ಒಂದು ಷರತ್ತಿನ ಮೇಲೆ. ನಾಲ್ಕು ಜನರ ಬಾಯಿಗೆ ಬಿದ್ದಳು ಎಂದು ಕಿವಿಗೆ ಬಿತ್ತೋ, ನೌಕರಿ ಬಿಡಿಸಿ ಮದುವೆ ಮಾಡುವುದೇ.

"ಖಾಲಾ," ಪಿಸುದನಿಯಲ್ಲಿ ಕರೆದಳು. "ಹಿಂದಿನ ಬಾಗಿಲ ದಬ್ಬಾಕತ್ತಾನ."

ರಜಿಯಾ ಬೇಗಂ ಸ್ಪೀಕರ್ ಒತ್ತಿದಳು. "ಯಾರು ಬೇಟಿ?"

"ಅಂಬರೀಶ. ಮನಿ ಮಾಲಕರ ತಮ್ಮ. ಅವರೆಲ್ಲಾ ಮದುವಿಗೆ ಹೋಗ್ಯಾರ. ನೈಟ್ ಡ್ಯೂಟಿ ಮುಗಿಸಿ ಮಲ್ಕೊಂಡಿದ್ದೆ."

"ಮುಂದಿನ ಬಾಗಿಲಿಂದ ಹೊರಗ ನಡಿ."

"ಹೊರಗಿಂದ ಚಿಲಕ ಹಾಕ್ಯಾನ ಖಾಲಾ."

ಮಾನ್ವಿಯಿಂದ ಬಸ್ಸು ಹತ್ತಿದರೂ ಅಲ್ಲಿ ಮುಟ್ಟುವುದು ಯಾವಾಗ? ನಾನು ನನ್ನ ಫೋನಿನಿಂದ ಪೊಲೀಸರ ನೂರಾ ಹನ್ನೆರಡಕ್ಕೆ ಹಚ್ಚಿದೆ. ಯಾವ ಓಣಿ ಎಂದು ಅವರು ಕೇಳಿದರು, ನಾನು ಸುಮಂಗಲಾಳನ್ನು ಕೇಳಿ ಹೇಳಿದೆ. ಗಾಡಿ ಬರುತ್ತದೆ ಎಂದರು. ಅಷ್ಟರಲ್ಲಿ ರಜಿಯಾ ಬೇಗಂ ಫೋನಿನೊಳಗಿಂದ ಇನ್ನೊಂದು ದನಿ ಕೇಳಿಸಿತು, ಬಾಗಿಲಿನ ಆಚೆಯದು.

"ಸುಮಂಗಲಾ, ಯಾಕ ಹೆದರ್ತಿ? ಮಾತಾಡೂದದ, ತಗಿ."

ಕೂಗಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲವೇನೋ. ಅವನು ಮೆಲ್ಲಗೆ, ಮನೆಯವನ ಹಾಗೆ ಕರೆಯುತ್ತಿದ್ದ.

"ಜವಾಬು ಕೊಡಬ್ಯಾಡ," ರಜಿಯಾ ಬೇಗಂ ಪಿಸುಗುಟ್ಟಿದಳು. "ಬಾಗಿಲಿಗೆ ಏನರ ಅಡ್ಡ ಇಟ್ಟೀಯೇನು?"

"ಗ್ಯಾಸ್ ಸಿಲಿಂಡರ್ ಇಟ್ಟೀನಿ. ಚಿಲಕದ ಸ್ಕ್ರೂ ಅಳ್ಳಾಡಾಕತ್ತಾವ."

"ಓಣಿ ಕಡಿ ಕಿಟಕಿ ತಗಿ. ಒದರು."

ಆ ಕಡೆ ಅಳು. "ಗದ್ದಲ ಆದ್ರ ಅಪ್ಪ ಕರ್ಕೊಂಡು ಹೋಗ್ತಾನ ಖಾಲಾ. ನೌಕರಿ ಹೋಗ್ತದ. ಮೊದಲೊಮ್ಮೆ ಹೇಳಿದ್ದೆ, ಇವನ ನೋಟ ಸರಿ ಇಲ್ಲಂತ. ಯಾರೂ ನಂಬಲಿಲ್ಲ."

ನಾವಿಬ್ಬರೂ ಮುಖ ನೋಡಿಕೊಂಡೆವು. ಅವಳು ಹೇಳಿದ್ದು ಸುಳ್ಳಲ್ಲ. ಸುಮ್ಮನಿದ್ದರೆ ಬಾಗಿಲು ಹೋಗುತ್ತದೆ, ಕೂಗಿದರೆ ನೌಕರಿ ಹೋಗುತ್ತದೆ. ನನಗೆ ಸಿಟ್ಟು ಬಂತು, ಯಾರ ಮೇಲೆ ತೀರಿಸಿಕೊಳ್ಳುವುದು ಎಂದು ತಿಳಿಯಲಿಲ್ಲ.

"ಕರೆಂಟ್ ಸೈತ ಹೋಗೇದ," ಅವಳು ಬಿಕ್ಕಿದಳು.

ರಜಿಯಾ ಬೇಗಂ ಕೈಯಲ್ಲಿದ್ದ ಸೂಜಿ ಡಬ್ಬ ಕೆಳಗಿಟ್ಟಳು. "ಓಣಿಗೆಲ್ಲಾ ಹೋಗೇದೇನು?"

"ಹೂಂ."

"ಹಂಗಾದ್ರ ಎಲ್ಲರ ಮನ್ಯಾಗೂ ಕೂಲರ್ ಬಂದ್ ಆಗ್ಯಾವ. ಈಗ ಒದರಿದ್ರ ಓಣಿಗೆಲ್ಲಾ ಕೇಳ್ತದ ಬೇಟಿ. ಕರೆಂಟ್ ಬರೂದ್ರಾಗ ಒದರು!"

ಸಿನಿಮಾದಲ್ಲಿ ದೀಪ ಹೋದರೆ ಹೆಣ್ಣಿನ ಕಥೆ ಮುಗಿದಂತೆ. ಆದರೆ ನಮ್ಮ ಕಡೆಯ ಏಪ್ರಿಲ್ ಬೇರೆ. ಕೂಲರುಗಳು ಭರ್ರೆನ್ನುವಾಗ ನಮ್ಮ ಬಾಗಿಲಿಗೇ ಬಂದು ಯಾರಾದರೂ ಕರೆದರೂ ನಮಗೆ ಕೇಳುವುದಿಲ್ಲ. ಆ ಬುದ್ಧಿ ಆ ಗಳಿಗೆಯಲ್ಲಿ ನನಗಂತೂ ಹೊಳೆಯುತ್ತಿರಲಿಲ್ಲ.

"ಖಾಲಾ," ಸುಮಂಗಲಾ ಕೇಳಿದಳು, "ಆಕಿ ಉಳಿತಾಳ ಏನು?"

ಎಷ್ಟೋ ಹೆಂಗಸರಿಗೆ ತಡವರಿಸದೆ ಕೊನೆ ಹೇಳಿದವಳು ನನ್ನ ಬ್ಲೌಸಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು, ಸೂಜಿ ನನ್ನ ತೋಳಿಗೆ ಚುಚ್ಚುತ್ತಿತ್ತು.

"ಉಳಿತಾಳ," ಎಂದಳು. "ಹೆಸರು ಹಿಡಿದು ಒದರು."

ಮೊದಲು ಕಿಟಕಿಯ ಸರಳಿಗೆ ಊಟದ ತಾಟು ಬಡಿದ ಸದ್ದು ಬಂತು. ಆಮೇಲೆ ಸುಮಂಗಲಾಳ ದನಿ, ಅದು ಅವಳದೇ ಎಂದು ನಂಬಲಾಗದಷ್ಟು ದೊಡ್ಡದು. "ಅಂಬರೀಶ ಬಾಗಿಲ ಮುರಿಯಾಕತ್ತಾನ! ಹೊರಗಿಂದ ಚಿಲಕ ಹಾಕ್ಯಾನ! ಬರ್ರೀ!" ಮತ್ತೆ ತಾಟು, ಮತ್ತೆ ಅದೇ ಹೆಸರು. ಎಲ್ಲೋ ಬಾಗಿಲು ತೆರೆದವು, ಚಪ್ಪಲಿಗಳು ಓಡಿದವು. ಮುಂದಿನ ಬಾಗಿಲ ಚಿಲಕ ಸರಿದ ಸದ್ದು ಕೇಳಿಸಿತು.

ಆದರೆ ಅಲ್ಲಿಗೆ ಮುಗಿಯಲಿಲ್ಲ. ಅಂಬರೀಶ ಓಡಿಹೋಗುವ ಬದಲು ಹಿತ್ತಲಿನಿಂದ ಸುತ್ತಿಬಂದು ಜನರ ನಡುವೆ ನಿಂತಿದ್ದ. "ನೀರಿನ ಮೋಟಾರ್ ನೋಡಾಕ ಬಂದಿದ್ದೆ. ಹುಡುಗಿ ಸುಮ್ನ ಗಾಬರಿ ಆಗ್ಯಾಳ," ಎಂದ. ಯಾರೋ ಹಿರಿಯರ ದನಿ ಅದಕ್ಕೆ ಸೇರಿಕೊಂಡಿತು. "ಹೋಗ್ಲಿ ಬಿಡವ್ವ. ಅಂವ ಅಂಥಾ ಹುಡುಗ ಅಲ್ಲ. ನಿದ್ದಿಗಣ್ಣಾಗ ಹೆದರಿದಿ. ಒಳಗ ಹೋಗಿ ಮಲ್ಕೋ."

ಆ ಹಿರಿಯರು ಎದುರಿಗಿದ್ದಿದ್ದರೆ ನಾನು ಏನಾದರೂ ಅಂದುಬಿಡುತ್ತಿದ್ದೆ. ರಜಿಯಾ ಬೇಗಂ ಕಣ್ಣು ಮುಚ್ಚಿ, ನನಗೂ ಕೇಳದಷ್ಟು ಸಣ್ಣದಾಗಿ ತುಟಿ ಅಲ್ಲಾಡಿಸುತ್ತಿದ್ದಳು.

"ನಾ ಹೆದರಿಲ್ರಿ," ಸುಮಂಗಲಾ ಹೇಳಿದಳು. "ಇನ್ನೊಮ್ಮೆ ಹೇಳ್ತೀನಿ, ಕೇಳ್ರಿ. ಅಂಬರೀಶ ಹಿಂದಿನ ಬಾಗಿಲ ದಬ್ಬಿದ. ಒಳಗಿರಾಕಿ ನಾನು. ಹೊರಗಿನ ಚಿಲಕ ನಾ ಹೆಂಗ ಹಾಕ್ಕೊಳ್ಲಿ?"

ಯಾವುದೋ ಹೆಂಗಸಿನ ದನಿ ಬಂತು. "ಖರೇನ ಅದ. ಚಿಲಕ ನಾನ ತಗದೀನಿ ಈಗ." ಅಲ್ಲಿಗೆ ಗಲಾಟೆ ಎದ್ದು ಫೋನು ಕಟ್ಟಾಯಿತು. ಪೊಲೀಸರು ಬಂದರು, ದೂರು ಬರೆಸಿಕೊಂಡರು ಎಂದು ಸಂಜೆ ತಿಳಿಯಿತು. ಚಿಲಕ ತೆಗೆದ ಹೆಂಗಸೇ ತನ್ನ ಮನೆಯಲ್ಲಿ ಅವಳನ್ನು ಇರಿಸಿಕೊಂಡಿದ್ದಳು. ಆ ಕೇಸು ಇನ್ನೂ ನಡೆದಿದೆ.

ಮರುದಿನ ಬೆಳಿಗ್ಗೆ ಗದ್ದೆಪ್ಪ ರಜಿಯಾ ಬೇಗಂ ಅಂಗಡಿಗೆ ಬಂದಾಗ ನಾನೂ ಅಲ್ಲೇ ಇದ್ದೆ. ಕೈಯಲ್ಲಿ ಮಗಳ ಸಾಮಾನು ತುಂಬಿಕೊಂಡು ಬರಲು ತಂದ ಖಾಲಿ ಚೀಲ. ಹೊಸ್ತಿಲ ಆಚೆಯೇ ನಿಂತು ಕೇಳಿದ, "ನನ್ ಮಗಳಿಗೆ ಊರ ಮುಂದ ಒದರಾಕ ಕಲಿಸಿದಾಕಿ ನೀವೇ ಏನ್ರಿ?"

"ಹೌದಣ್ಣಾ, ನಾನೇ. ಬರ್ರಿ, ಕೂಡ್ರಿ."

"ಕೂಡಾಕ ಬಂದಿಲ್ಲ. ಆಕೀನ ಕರ್ಕೊಂಡು ಬರಾಕ ಹೊಂಟೀನಿ. ಅಷ್ಟು ಮಂದಿ ಮುಂದ ಅವನ ಹೆಸರು ಹಿಡಿದು ಒದರ್ಯಾಳ. ನಾಳಿ ಮಂದಿ ಆ ಹೆಸರಿನ ಜೋಡಿ ಆಕಿ ಹೆಸರೂ ಹೇಳ್ತಾರ. ಸಾಕು ನೌಕರಿ."

ನನ್ನ ನಾಲಿಗೆ ತುದಿಗೆ ಮಾತು ಬಂದಿತ್ತು. ರಜಿಯಾ ಬೇಗಂ ಕಣ್ಣಲ್ಲೇ ನನ್ನನ್ನು ತಡೆದಳು. "ಅಣ್ಣಾ, 'ಮೊದಲೊಮ್ಮೆ ಹೇಳಿದ್ದೆ, ಯಾರೂ ನಂಬಲಿಲ್ಲ' ಅಂದ್ಲು ನಿನ್ನಿ. ಯಾರ ಮುಂದ ಹೇಳಿದ್ಲೋ ಪಾಪ. ಆ ಮಾಲಕರ ಮುಂದೇ ಹೇಳಿರಬೇಕು."

ಗದ್ದೆಪ್ಪ ಚೀಲವನ್ನು ಸುರುಳಿ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

"ನನ್ನ ಮುಂದ ಹೇಳಿದ್ಲು," ಎಂದ ಕಡೆಗೆ. "ಯುಗಾದಿಗೆ ಬಂದಾಗ. ದೊಡ್ಡ ಮನಿ ಮಂದಿ ಹಂಗ ಇರಂಗಿಲ್ಲ, ಆ ಸಿನಿಮಾ ನೋಡಿ ನೋಡಿ ನಿನಗ ಹೆದರಿಕಿ ಹತ್ತೇದ ಅಂದೆ. ಮತ್ತ ಹೇಳಲಿಲ್ಲ ಆಕಿ."

ಆಮೇಲೆ ಅವನೇ ಕೇಳಿದ, "ಆ ಸಿನಿಮಾದಾಗ ಆಕಿ ಮಾತು ನಂಬದೋರು ಇರ್ತಾರಲ್ಲ, ಅವರು ಕಡೀಗೆ ಏನಾಗ್ತಾರ?"

ರಜಿಯಾ ಬೇಗಂ ಯಾರಿಗೂ ಕೊನೆ ಮುಚ್ಚಿಟ್ಟವಳಲ್ಲ. "ಮೊದಲು ಸಾಯೋರು ಅವರೇ ಅಣ್ಣಾ," ಎಂದಳು.

ಗದ್ದೆಪ್ಪ ತಲೆಗೆ ಸುತ್ತಿದ್ದ ಟವೆಲ್ ತೆಗೆದು ಮುಖ ಒರೆಸಿಕೊಂಡ. ಅಕ್ಕಿ ಮೂಟೆ ಹೊತ್ತು ದಪ್ಪಗಾದ ಆ ಕುತ್ತಿಗೆ ಬಗ್ಗಿದ್ದನ್ನು ನೋಡಿ ನನ್ನ ಕಣ್ಣು ತುಂಬಿತು.

"ಇಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಎಲ್ಲಿ ಅದ್ರಿ?" ಎಂದ. "ದಪ್ಪಂದು ಒಂದು ಚಿಲಕ ಬೇಕಾಗಿತ್ತು. ಒಳಗಿಂದ ಹಾಕ್ಕೊಳ್ಳೂದು."

ಬಸ್ ಸ್ಟ್ಯಾಂಡಿನ ಕಡೆ ಕೈ ತೋರಿಸಿದೆವು. ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಹೋದ.

ಸಂಜೆ ಸುಮಂಗಲಾಳಿಂದ ವಾಯ್ಸ್ ಮೆಸೇಜ್ ಬಂತು. ಹಿಂದಿನಿಂದ ಸುತ್ತಿಗೆಯ ಸದ್ದು ಕೇಳುತ್ತಿತ್ತು.

"ಖಾಲಾ, ಹೊಸಾ ಕೋಣಿಗೆ ಅಪ್ಪ ಚಿಲಕ ಹೊಡ್ಯಾಕತ್ತಾನ. ನಾ ಡ್ಯೂಟಿಗೆ ಹೊಂಟೀನಿ. 'ನೀ ಬರೂತನ ಒಬ್ಬಾಂವ ಕೂತು ಏನ್ ಮಾಡ್ಲಿ, ನಿಮ್ಮ ಖಾಲಾಗ ಕೇಳಿ ಒಂದು ಸಿನಿಮಾ ಹಚ್ಚಿಕೊಟ್ಟು ಹೋಗು' ಅಂತಾನ. ಆಕಿ ಉಳಿಯೂದೇ ಬೇಕಂತ."