ಬೇಳೆ ಬೇಯುವ ನೀರು

ನಮ್ಮ ವಿಜ್ಞಾನದ ಮೇಷ್ಟ್ರಿಗೆ ಕತ್ತು ತಿರುಗುತ್ತಿರಲಿಲ್ಲ. ಹಿಂದಿನಿಂದ ಯಾರಾದರೂ ಕರೆದರೆ ಮೊದಲು ನಿಲ್ಲುತ್ತಿದ್ದರು. ಆಮೇಲೆ ಪಾದ, ಸೊಂಟ, ಭುಜ ಎಲ್ಲವನ್ನೂ ಒಟ್ಟಿಗೆ ಹೊರಳಿಸಿ, ಬೀರು ಸರಿಸಿದ ಹಾಗೆ ಇಡೀ ಮೈಯನ್ನು ನಮ್ಮ ಕಡೆಗೆ ತರುತ್ತಿದ್ದರು. ಕೈ ಭುಜದಿಂದ ಮೇಲೆ ಏಳುತ್ತಿರಲಿಲ್ಲವಾದ್ದರಿಂದ ಅವರ ಪಾಠವೆಲ್ಲ ಬೋರ್ಡಿನ ಕೆಳಗಿನ ಅರ್ಧದಲ್ಲೇ ನಡೆಯುತ್ತಿತ್ತು. ಹಿಂದಿನ ಬೆಂಚಿನವರು ಎದ್ದು ನಿಂತು ಬರೆದುಕೊಳ್ಳಬೇಕು. ಹೊಸದಾಗಿ ಸೇರಿದ ಮಕ್ಕಳು ಇದನ್ನು ನೋಡಿ ಕಿಸಕ್ಕೆಂದರೆ ಅವರೂ ನಗುತ್ತಿದ್ದರು. ಆಗ ಕಾಣುತ್ತಿದ್ದ ಅವರ ಹಲ್ಲು ನಮ್ಮೂರಲ್ಲಿ ಯಾರಿಗೂ ಇಲ್ಲದಷ್ಟು ಬೆಳ್ಳಗಿದ್ದವು.

"ಹಲ್ಲು ರಾರಾವಿ ಹೊಳಿ ನೀರಿಂದು, ಕುತ್ತಿಗಿ ನಿಮ್ಮೂರ ಬೋರಿಂದು," ಎನ್ನುತ್ತಿದ್ದರು. "ನನ್ನ ಮೈ ಅಂದ್ರ ಜಿಲ್ಲಾದ ನಕಾಶಿ ಇದ್ದಂಗ. ನೋಡ್ಕೊಂಡು ಕಲೀರಿ."

ರಾರಾವಿ ಅವರು ಹುಟ್ಟಿ ಬೆಳೆದ ಊರು. ನಮ್ಮೂರು ಕುರುಗೋಡಿನಿಂದ ಸಿರುಗುಪ್ಪದ ಕಡೆಗೆ ಹೋಗುವಾಗ ದಾರಿಯಿಂದ ಸ್ವಲ್ಪ ಒಳಗಿದೆ. ನಮ್ಮೂರ ಸಾಲೆಗೆ ನೌಕರಿಗೆ ಬಂದ ಮೇಷ್ಟ್ರು ಅದೇ ಊರಿನ ಹೆಣ್ಣನ್ನು ಮದುವೆಯಾಗಿ ಅಲ್ಲೇ ನಿಂತುಬಿಟ್ಟರು. ನಮ್ಮೂರಲ್ಲಿ ಹುಟ್ಟಿದವರಿಗೆಲ್ಲ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆ. ಹೆಣ್ಣು ನೋಡಲು ಬಂದವರು ಹುಡುಗಿ ಬಾಯಿ ಬಿಟ್ಟ ಕೂಡಲೇ ಇವಳು ಯಾವ ಊರಿನವಳೆಂದು ತಿಳಿದುಕೊಳ್ಳುತ್ತಿದ್ದರು. ನಾನು ಈಗ ಸಿರುಗುಪ್ಪದಲ್ಲಿ ಅದೇ ವಿಜ್ಞಾನವನ್ನು ಕಲಿಸುವ ಟೀಚರು, ಆದರೂ ನಗು ಬಂದರೆ ಕೈ ತಾನಾಗಿಯೇ ಬಾಯಿಗೆ ಹೋಗುತ್ತದೆ. ಇದನ್ನು ಹೇಳಿಕೊಳ್ಳಲು ನನಗೇನೂ ಖುಷಿಯಿಲ್ಲ, ಆದರೆ ಮೇಷ್ಟ್ರ ಕಥೆಯನ್ನು ಹಲ್ಲು ಮುಚ್ಚಿಕೊಂಡು ಹೇಳಲು ಬರುವುದಿಲ್ಲ.

ಊರಿಗೆ ಎರಡು ನೀರು. ಒಂದು ಗುಡಿಯ ಮುಂದಿನ ಹಳೆಯ ಬಾವಿ. ಅದರ ನೀರು ಗಡುಸು. ಸಾಬೂನು ನೊರೆ ಬರುವುದಿಲ್ಲ, ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುತ್ತದೆ, ತೊಗರಿಬೇಳೆ ಎಷ್ಟು ಕುದಿಸಿದರೂ ಕಾಳುಕಾಳಾಗಿಯೇ ನಿಲ್ಲುತ್ತದೆ. ಇನ್ನೊಂದು ಸಾಲೆಯ ಅಂಗಳದ ಬೋರು. ಅದರ ನೀರು ಮೆದು, ನಾಲಿಗೆಗೆ ಸಿಹಿ. ಅದರಲ್ಲಿ ಬೇಳೆ ಬೆಣ್ಣೆಯ ಹಾಗೆ ಬೇಯುತ್ತದೆ. ಅದಕ್ಕೆ ಊರವರು ಇಟ್ಟ ಹೆಸರು ಬೇಳಿ ಬೋರು. ನೆಂಟರು ಬಂದರೆ ಆ ನೀರಿನಲ್ಲೇ ಚಹಾ. ಅದು ನಮ್ಮೂರಿನ ಒಂದೇ ಒಂದು ಹೆಮ್ಮೆ.

ಮೇಷ್ಟ್ರು ಬಂದ ಹೊಸತರಲ್ಲಿ ಊರಿನಲ್ಲಿ ವಾಂತಿ-ಭೇದಿ ಹಬ್ಬಿತ್ತಂತೆ. ಅವರು ಮನೆಮನೆಗೂ ಹೋಗಿ ನೀರನ್ನು ಕಾಯಿಸಿ ಆರಿಸಿ ಕುಡಿಯಿರಿ ಎಂದು ಹೇಳಿ ಬಂದರು. ಊರು ಕೇಳಿತು. ಭೇದಿ ನಿಂತಿತು. ಆಮೇಲೂ ಜನ ಬಿಡಲಿಲ್ಲ, ಒಲೆಯ ಹಿಂದಿನ ಗುಂಡಿಯಲ್ಲಿ ಹಂಡೆ ಕೂರಿಸಿ ಬೋರಿನ ನೀರನ್ನು ಬೆಳಗಿನಿಂದ ಸಂಜೆಯವರೆಗೆ ಕುದಿಯಲು ಬಿಡುವುದು ನಮ್ಮೂರ ಪದ್ಧತಿಯೇ ಆಗಿಹೋಯಿತು. ಕೆಲವು ವರ್ಷಗಳ ನಂತರ ಮೇಷ್ಟ್ರ ಕತ್ತು ಹಿಡಿದುಕೊಂಡಿತು. ಬಳ್ಳಾರಿಯ ಡಾಕ್ಟರು ಎಕ್ಸ್-ರೇ ನೋಡಿ ಮೊದಲು ಕೇಳಿದ್ದು, ಯಾವ ನೀರು ಕುಡಿಯುತ್ತೀರಿ ಎಂದು. ಎರಡೂ ನೀರನ್ನು ಪರೀಕ್ಷೆಗೆ ಕೊಟ್ಟರು. ಬಾವಿಯ ನೀರು ಕುಡಿಯಬಹುದು, ಬೋರಿನ ನೀರಿನಲ್ಲಿ ಫ್ಲೋರೈಡ್ ವಿಪರೀತ ಎಂದು ಬಂತು. ಕುದಿಸಿದರೆ ಹುಳ ಸಾಯುತ್ತವೆ, ಫ್ಲೋರೈಡ್ ಎಲ್ಲಿಗೂ ಹೋಗುವುದಿಲ್ಲ. ಹಂಡೆಯಲ್ಲಿ ನೀರು ಬತ್ತಿದಷ್ಟೂ ಅದು ಗಟ್ಟಿಯಾಗುತ್ತದೆ.

"ಈ ಊರು ನನ್ನ ಮಾತು ಕೇಳಿದ್ದು ಅದೊಂದ ಸಲ," ಎಂದು ಅವರು ಹೇಳುತ್ತಿದ್ದರು. ಹೇಳುವಾಗ ನಗುತ್ತಿರಲಿಲ್ಲ.

ಅವತ್ತಿನಿಂದ ಅವರು ಬೋರಿನ ನೀರು ಮುಟ್ಟಲಿಲ್ಲ. ಕತ್ತು ಹಿಡಿದವರು ಬಾವಿಯಿಂದ ಸೇದುವುದು ಸುಲಭವಲ್ಲ, ಆದರೂ ದಿನಾ ಬೆಳಿಗ್ಗೆ ತಾವೇ ಹೋಗಿ ಸೇದಿ ತರುತ್ತಿದ್ದರು. ಸಾಲೆಯ ಮಕ್ಕಳನ್ನಾದರೂ ಬೋರಿನಿಂದ ಬಿಡಿಸಬೇಕು ಎನ್ನುವುದೊಂದೇ ಅವರ ಹಟ. ಬೆಳೆಯುವ ಎಲುಬಿಗೆ ಈ ನೀರು ಹೊಕ್ಕರೆ ಹೊರಗೆ ಬರುವುದಿಲ್ಲವೆಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು.

ನಾವು ಎಂಟನೆಯ ತರಗತಿಯಲ್ಲಿದ್ದಾಗ ಎಲ್ಲರನ್ನೂ ಕುರುಗೋಡಿನ ಗುಡ್ಡಕ್ಕೆ ಕರೆದುಕೊಂಡು ಹೋದರು. ನಾವು ಪಿಕ್‌ನಿಕ್ ಎಂದುಕೊಂಡು ಮಂಡಕ್ಕಿ, ಮಿರ್ಚಿ ಕಟ್ಟಿಕೊಂಡು ಹೋಗಿದ್ದೆವು. ಅವರು ಒಂದು ದೊಡ್ಡ ಬಂಡೆಯ ಪಕ್ಕ ನಿಂತು, ಅದರ ಮೈಯಿಂದ ಉದುರುವ ಹರಳನ್ನು ಉಜ್ಜಿ ಅಂಗೈಗೆ ಹಾಕಿಕೊಂಡು ತೋರಿಸಿದರು.

"ಈ ಗುಡ್ಡ ನೋಡ್ರಿ. ಇದನ್ನ ನೀವು ದಿನಾ ಕುಡಿಯಾಕ ಹತ್ತೀರಿ."

ನಾವು ನಕ್ಕೆವು. ಅವರು ನಿಧಾನಕ್ಕೆ ಬಿಡಿಸಿ ಹೇಳಿದರು. ಬಿದ್ದ ಮಳೆ ಎರೆ ಭೂಮಿಯ ಬಿರುಕಿನಿಂದ ಕೆಳಗಿಳಿದು ಕಲ್ಲಿನ ಸಂದಿಯಲ್ಲಿ ಸೇರಿಕೊಳ್ಳುತ್ತದೆ. ಆಳಕ್ಕೆ ಹೋದಷ್ಟೂ ಅದು ಹಳೆಯ ನೀರು. "ಮ್ಯಾಲಿನ ನೀರು ಸಣ್ಣ ಹುಡುಗ ಇದ್ದಂಗ. ಆಳದ ನೀರು ಮುದುಕ. ಮುದುಕ ಕಲ್ಲಿನ ಕೂಡ ಬಾಳ ವರ್ಷ ಸಂಸಾರ ಮಾಡಿ ಅದರ ಗುಣಾನೆಲ್ಲ ಹಚ್ಕೊಂಡಿರ್ತಾನ. ಕಲ್ಲಿನ್ಯಾಗಿನ ಫ್ಲೋರೈಡ್ ನೀರಿಗೆ ಬರೋದು ಹಿಂಗ."

"ಬಾವಿ ನೀರಿಗೆ ಯಾಕ ಬರಲ್ರೀ ಸರ್?" ಎಂದು ನಾನೇ ಕೇಳಿದ್ದೆ.

"ಬಾವಿ ನೀರಿನ್ಯಾಗ ಸುಣ್ಣ ಐತಿ, ತಂಗೀ. ಸುಣ್ಣ ಅದನ್ನ ಹಿಡಿದು ತಳಕ್ಕ ಕೂಡಸ್ತೈತಿ. ಬೋರಿನ್ಯಾಗ ಸುಣ್ಣ ಇಲ್ಲ. ಸುಣ್ಣ ಇಲ್ಲಂತ ಬೇಳಿ ಮೆತ್ತಗ ಬೇಯ್ತೈತಿ. ಸುಣ್ಣ ಇಲ್ಲಂತ ಫ್ಲೋರೈಡೂ ಹಂಗ ಉಳಿತೈತಿ. ಬೇಳಿ ಬೇಯ್ಸೋ ಗುಣಾನೂ ಎಲುಬು ಹಿಡಿಯೋ ಗುಣಾನೂ ಒಂದ ನೀರಿಂದು. ಇದನ್ನ ನಿಮ್ಮ ಅವ್ವಗ ಹ್ಯಾಂಗ ಹೇಳ್ತಿ, ಹೇಳು ನೋಡೋಣ."

ನಾನು ಮನೆಗೆ ಹೋಗಿ ಹೇಳಿದೆ. ಅವ್ವ ಸಾರಿಗೆ ಒಗ್ಗರಣೆ ಹಾಕುತ್ತಲೇ, "ನಿಮ್ಮ ಮೇಷ್ಟ್ರಿಗೆ ವಾತ ಆಗೈತಿ," ಎಂದಳು. ಅಲ್ಲಿಗೆ ವಿಜ್ಞಾನ ಮುಗಿಯಿತು.

ಆ ವರ್ಷವೇ ಅವರು ಹೆಡ್‌ಮಾಸ್ಟರನ್ನು ಕಾಡಿ ಬೇಡಿ, ಸಾಲೆಯ ಬಿಸಿಯೂಟಕ್ಕೆ ಬಾವಿಯ ನೀರನ್ನೇ ತರಿಸುವಂತೆ ಮಾಡಿದರು. ಅಡುಗೆಯಮ್ಮ ಒಳ್ಳೆಯ ಹೆಂಗಸು. ಬೇಳೆಯನ್ನು ರಾತ್ರಿಯೇ ನೆನೆಹಾಕಿ ನೋಡಿದಳು, ಚಿಟಿಕೆ ಸೋಡಾ ಹಾಕಿ ನೋಡಿದಳು. ಮಕ್ಕಳು ಸೋಡಾ ವಾಸನೆ ಎಂದು ತಟ್ಟೆ ಸರಿಸಿದರು. ಸೋಡಾ ಬಿಟ್ಟರೆ ಬೇಳೆ ಹಲ್ಲಿಗೆ ಸಿಕ್ಕಿತು. ಸಾರಿನಲ್ಲಿ ಮೇಲೆ ನೀರು, ಕೆಳಗೆ ಕಾಳು. ಉಂಡವರಿಗಿಂತ ಚೆಲ್ಲಿದವರೇ ಹೆಚ್ಚು. ನಾನೂ ಚೆಲ್ಲಿದೆ.

"ನಾನೇನು ಮಾಡ್ಲಿ ಸರ್," ಎಂದು ಅಡುಗೆಯಮ್ಮ ಮೇಷ್ಟ್ರ ಮುಂದೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಮುಂಜಾನಿಂದ ಉರಿ ಹಚ್ಚೀನಿ. ಬೇಳಿ ಹೆಂಗಿತ್ತೋ ಹಂಗ ಐತಿ. ಮಕ್ಳು ಉಣವಲ್ವು. ಹಸಗೊಂಡು ಮನಿಗೆ ಹೋದ್ರ ನನಗ ಪಾಪ ಸುತ್ತಿಕೊಳ್ಳಲ್ಲೇನ್ರಿ?"

ಆ ವಾರದೊಳಗೆ ಊರಿನ ಹಿರಿಯರು ಸಾಲೆಗೆ ಬಂದರು. ಜಗಳಕ್ಕೇನೂ ಬಂದಿರಲಿಲ್ಲ. ಅವರಲ್ಲಿ ಮುಪ್ಪಾದ ಒಬ್ಬರು ಬೆಂಚಿನ ಮೇಲೆ ಕೂತು ಮೆತ್ತಗೆ ಹೇಳಿದರು. ಕಿಟಕಿಯಲ್ಲಿ ನಿಂತು ಕೇಳಿದ ನನಗೆ ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

"ಮೇಷ್ಟ್ರೇ, ನೀವು ಹೊಳಿ ದಂಡಿಯವ್ರು. ಚಲೋ ನೀರು ಕುಡಿದು ಬೆಳದೀರಿ. ನಮ್ಮೂರಿಗೆ ದೇವ್ರು ಕೊಟ್ಟಿದ್ದು ಇದೊಂದು ಬೋರು. ಇದಕ್ಕೂ ಕೆಟ್ಟ ಹೆಸರು ಇಟ್ಟುಬಿಟ್ರ ನಮ್ಮ ಹತ್ರ ಉಳಿಯೋದು ಏನ್ರಿ?"

ಮರುದಿನ ಬಿಸಿಯೂಟದ ಬೇಳೆ ಬೆಣ್ಣೆಯ ಹಾಗೆ ಬೆಂದಿತ್ತು. ನಾವು ಎರಡೆರಡು ಸಲ ಹಾಕಿಸಿಕೊಂಡು ಉಂಡೆವು. ಮೇಷ್ಟ್ರು ವರಾಂಡದಲ್ಲಿ ನಿಂತು ನಾವು ಉಣ್ಣುವುದನ್ನು ನೋಡುತ್ತಿದ್ದರು. ಯಾರನ್ನೂ ಬೈಯಲಿಲ್ಲ.

ಆದರೂ ಬಿಡಲಿಲ್ಲ. ಫ್ಲೋರೈಡ್ ಇರುವ ಬೋರುಗಳಿಗೆ ಕೆಂಪು ಬಣ್ಣ ಬಳಿದು ಗುರುತು ಮಾಡುವ ರೂಢಿ ಇದೆ. ಇಲಾಖೆಯವರು ಬರುತ್ತೇವೆಂದು ಹೇಳಿ ಬರದಿದ್ದಾಗ ತಾವೇ ಡಬ್ಬಿ ಬಣ್ಣ ತಂದು, ಬಗ್ಗಲು ಬರದ ಮೈಯನ್ನು ಮಂಡಿಯ ಮೇಲೆ ಇಳಿಸಿ, ಬೋರಿನ ಕಂಬಕ್ಕೆ ಕೆಂಪು ಬಳಿದರು. ಶುಕ್ರವಾರ ಊರಿನ ಹೆಂಗಸರು ಸೀಮೆಎಣ್ಣೆ ಹಚ್ಚಿ ಅದನ್ನು ತಿಕ್ಕಿ ತೆಗೆದರು. ಆಮೇಲೆ ಅರಿಶಿನ ಬಳಿದು, ಕುಂಕುಮ ಇಟ್ಟು, ಉಡಿ ತುಂಬಿ, ತಪ್ಪಾಯಿತು ತಾಯಿ ಎಂದು ಗಂಗಮ್ಮನಿಗೆ ಕೈ ಮುಗಿದರು. ನಮ್ಮವ್ವ ಅಲ್ಲಿದ್ದಳು. ಮೇಷ್ಟ್ರ ಹೆಂಡತಿಯೂ ಅಲ್ಲಿದ್ದರು.

"ನೀವು ನೀರಿಗೆ ಕೆಟ್ಟದ್ದು ಅಂದ್ರಿ," ಎಂದು ಅವರು ಗಂಡನಿಗೆ ಹೇಳಿದರಂತೆ. "ಸಿಟ್ಟಿಗೆದ್ರ ಗಂಗಮ್ಮ ಮನಿಮಂದೀನ ಕಾಡತಾಳ." ಮೇಷ್ಟ್ರು ಇದನ್ನು ನಮಗೆ ಕ್ಲಾಸಿನಲ್ಲೇ ಹೇಳಿ ನಕ್ಕರು. ಅವರು ಮನಸಾರೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ ಇರಬೇಕು.

ಆಮೇಲೆ ಊರಿಗೆ ಫಿಲ್ಟರ್ ನೀರಿನ ಘಟಕ ಬಂತು. ಹಾರ, ಟೇಪು, ಭಾಷಣ ಎಲ್ಲ ಆಯಿತು. ಮೇಷ್ಟ್ರು ಮೊದಲ ಕೊಡ ತುಂಬಿಸಿಕೊಂಡು ಹೋದರು. ಕೆಲವು ತಿಂಗಳಿಗೆ ಅದರ ಒಳಗಿನ ಜರಡಿ ಕಟ್ಟಿಕೊಂಡು ನೀರು ನಿಂತಿತು, ಬದಲಿಸಲು ಯಾರೂ ಬರಲಿಲ್ಲ. ಅರ್ಜಿ ಹಿಡಿದು ಬಳ್ಳಾರಿಗೆ ಅವರು ಅಲೆದ ಅಲೆದಾಟವನ್ನು ಬರೆದರೆ ನನಗೇ ಸಿಟ್ಟು ಬರುತ್ತದೆ, ಬಿಡಿ. ಈಗ ಅದರ ನೆರಳಿಗೆ ಆಡು ಕಟ್ಟುತ್ತಾರೆ.

ನಾನು ಬಿ.ಎಡ್. ಓದುತ್ತಿದ್ದಾಗ ರಜೆಗೆ ಊರಿಗೆ ಹೋಗಿದ್ದೆ. ಗುಡಿಯ ಮುಂದೆ ಜಾಗ ಸಾಲದೆಂದು ಹಳೆಯ ಬಾವಿಯನ್ನು ಮುಚ್ಚುತ್ತಿದ್ದರು. ಕ್ವಾರಿಯ ಕಲ್ಲುಪುಡಿ ಹೊತ್ತ ಟ್ರ್ಯಾಕ್ಟರ್ ಹಿಮ್ಮುಖವಾಗಿ ಬಂದು ನಿಂತಿತ್ತು. ಮೇಷ್ಟ್ರು ಆಗಲೇ ನಿವೃತ್ತರು, ಕೋಲು ಹಿಡಿದು ಕಟ್ಟೆಯ ಪಕ್ಕ ನಿಂತಿದ್ದರು. ಬಾವಿಯನ್ನು ಬಗ್ಗಿ ನೋಡಲು ಅವರಿಗೆ ಕತ್ತು ಬಗ್ಗದು. ನಾನು ಹತ್ತಿರ ಹೋದೆ.

"ನೋಡು ತಂಗೀ, ನೀರು ಕಾಣತೈತೇನು?"

ಬಗ್ಗಿದೆ. ಕೆಳಗೆ ನೀರಿತ್ತು. ನನ್ನ ತಲೆ ಅದರಲ್ಲಿ ಕಾಣುತ್ತಿತ್ತು.

"ಕಾಣತೈತ್ರಿ ಸರ್."

"ಬಾಳ ಐತೇನು?"

"ಐತ್ರಿ."

ಟ್ರ್ಯಾಕ್ಟರಿನವನು ಸರಿಯಿರೆಂದು ಕೂಗಿದ. ನಾನು ಅವರ ತೋಳು ಹಿಡಿದು ಹಿಂದಕ್ಕೆ ಕರೆತಂದೆ. ಕಲ್ಲು ಬಿದ್ದ ಸದ್ದಿಗೆ ಅವರು ತಿರುಗಲಿಲ್ಲ. ತಿರುಗಬೇಕೆಂದರೆ ಇಡೀ ಮೈ ತಿರುಗಿಸಬೇಕಲ್ಲ, ಬೇಡವೆನಿಸಿರಬೇಕು.

ನನಗೆ ನೌಕರಿ ಸಿಕ್ಕಿದ್ದು, ಈ ಭೂಮಿ ಕಾಲಡಿ ಸುಮ್ಮನೆ ಬಿದ್ದಿರುವ ಮಣ್ಣಲ್ಲವೆಂದು ತಿಳಿದದ್ದು, ಮಳೆ ಬಂದಾಗ ಅದು ಎಲ್ಲೆಲ್ಲಿ ಹೋಗಿ ಏನೇನು ಹೊತ್ತು ಬರುತ್ತದೆಂದು ಯೋಚಿಸುವ ಚಟ ಹತ್ತಿದ್ದು, ಎಲ್ಲವೂ ಅವರಿಂದ. ನಾನು ಮಕ್ಕಳಿಗೆ ಹೇಳುವ ಒಂದೊಂದು ಮಾತೂ ಅವರದೇ. ಈ ಋಣ ತೀರಿಸುವುದು ಹೇಗೆಂದು ನನಗೆ ಗೊತ್ತಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದೇ, ಅದು ನನ್ನಿಂದಲೂ ಆಗಲಿಲ್ಲ.

ಬಾವಿ ಮುಚ್ಚಿದ ಮೇಲೂ ಬೋರು ಮುಟ್ಟದೆ ಕುರುಗೋಡಿನಿಂದ ಕ್ಯಾನಿನಲ್ಲಿ ನೀರು ತರಿಸಿಕೊಂಡು ಕುಡಿಯುತ್ತಿದ್ದ ಅವರು ಕಳೆದ ಬೇಸಿಗೆಯಲ್ಲಿ ಬಚ್ಚಲಲ್ಲಿ ಬಿದ್ದು ಎಲುಬು ಮುರಿದುಕೊಂಡರು. ಬಳ್ಳಾರಿಯ ಆಸ್ಪತ್ರೆಯಲ್ಲಿ, ಈ ಎಲುಬಿಗೆ ಆಪರೇಷನ್ ಮಾಡಲು ಬರುವುದಿಲ್ಲ ಎಂದರು. ತೀರಿಕೊಳ್ಳುವ ಹಿಂದಿನ ದಿನ ಅವರ ಹೆಂಡತಿ ನನಗೆ ಫೋನ್ ಮಾಡಿದರು.

"ಬರೋವಾಗ ಊರಾಗ ಇಳಿದು ಒಂದು ಬಾಟ್ಲಿ ನೀರು ತಗೊಂಡು ಬಾರವ್ವ. ಇವ್ರು ಒಂದ ಸಮ ಕೇಳಾಕ ಹತ್ಯಾರ."

"ಯಾವ ನೀರ್ರಿ ಅಮ್ಮ?"

"ಬೋರಿಂದು."

ನಾನು ಮತ್ತೊಮ್ಮೆ ಕೇಳಿದೆ. ಅವರು ಮತ್ತೊಮ್ಮೆ ಹೇಳಿದರು.

ಸಾಲೆಯ ಅಂಗಳದಲ್ಲಿ ಈಗ ಬೋರಿಗೆ ಮೋಟಾರು ಕೂರಿಸಿ ಸಾಲಾಗಿ ನಲ್ಲಿ ಹಾಕಿದ್ದಾರೆ. ಒಂದಿಷ್ಟು ಹುಡುಗಿಯರು ಬಾಟಲಿ ತುಂಬಿಕೊಳ್ಳುತ್ತಿದ್ದರು. ನಾನು ಖಾಲಿ ಬಾಟಲಿ ಹಿಡಿದು ಸಾಲಿನಲ್ಲಿ ನಿಂತೆ. ಟೀಚರ ಬಾಯಿ ಸುಮ್ಮನಿರುತ್ತದೆಯೇ, ಹೇಳಿಯೇಬಿಟ್ಟೆ.

"ಈ ನೀರು ಕುಡೀಬ್ಯಾಡ್ರವ್ವ. ಎಲುಬಿಗೆ ಚಲೋ ಅಲ್ಲ."

ಒಬ್ಬಳು ನನ್ನ ಬಾಟಲಿಯನ್ನು ನೋಡಿದಳು. "ಮತ್ತ ನೀವ್ಯಾಕ ಒಯ್ಯಾಕ ಹತ್ತೀರಿ ಅಕ್ಕಾ?"

"ನಮ್ಮ ಸರ್‌ಗೆ ಆರಾಮಿಲ್ಲ. ಅವ್ರು ಕೇಳ್ಯಾರ."

"ಆರಾಮಿಲ್ಲದವ್ರಿಗೆ ಒಯ್ತೀರಂದ್ರ ಚಲೋ ನೀರೇ ಇರಬೇಕಲ್ರಿ," ಎಂದು ಅವಳು ತನ್ನ ಬಾಟಲಿಯನ್ನು ತುಂಬಿಕೊಂಡು ಹೋದಳು.

ಆಸ್ಪತ್ರೆಯಲ್ಲಿ ಅವರು ಛಾವಣಿ ನೋಡುತ್ತ ಮಲಗಿದ್ದರು. "ರಾರಾವಿ ಹೊಳಿ ನೀರು ತರ್ಲೇನ್ರಿ ಸರ್? ಇನ್ನೂ ಹೊತ್ತೈತಿ," ಎಂದು ಕೇಳಿದೆ. ಬೇಡವೆಂದು ಕಣ್ಣಿನಲ್ಲೇ ಹೇಳಿದರು. ಅಮ್ಮ ಚಮಚದಲ್ಲಿ ಬೋರಿನ ನೀರನ್ನು ಬಾಯಿಗೆ ಬಿಟ್ಟರು. ಅವರು ಅದನ್ನು ಸ್ವಲ್ಪ ಹೊತ್ತು ನಾಲಿಗೆಯ ಮೇಲೆ ಇಟ್ಟುಕೊಂಡು ನುಂಗಿದರು.

"ಇಷ್ಟು ವರ್ಷ ಬಾಯಿ ಕಟ್ಟಿದ್ದೆ," ಎಂದರು. ಇನ್ನೊಂದು ಚಮಚ ಕುಡಿದರು. "ಇಂಥಾ ನೀರನ್ನ ಬಿಡ್ರಿ ಅಂತ ಹೇಳ್ಕೋಂತ ತಿರುಗಿದೆನಲ್ಲ, ತಂಗೀ. ಅವ್ರು ಹ್ಯಾಂಗ ಬಿಟ್ಟಾರು?"

ಆಮೇಲೆ ಕಣ್ಣು ಮುಚ್ಚಿ ಮಲಗಿದರು. ನಾನು ಸ್ಟೂಲಿನ ಮೇಲೆ ಕೂತು ಅತ್ತೆ. ಅಮ್ಮ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಒಂದು ಗುಟುಕು ಕುಡಿದು, "ಬಿಸಿಲಾಗ ಬಂದಿ, ಕುಡಿಯವ್ವ," ಎಂದು ನನ್ನ ಕೈಗೆ ಕೊಟ್ಟರು. ಗಂಟಲು ಒಣಗಿತ್ತು. ಪೂರ್ತಿ ಕುಡಿದುಬಿಟ್ಟೆ.