ಅಡುಗೆ ಮಾಡುವವರ ಕೈ

ಹಿತ್ತಾಳೆಯ ಗುಂಡು ಹಿಡಿಕೆಯ ಕೊರಳಿಗೆ ಮೂರು ಎಳೆ ಹಸಿರು ನೂಲು ಸುತ್ತಿಕೊಂಡಿತ್ತು. ಉಗುರಿನಿಂದ ಬಿಡಿಸಲು ನೋಡಿದೆ, ಬರಲಿಲ್ಲ. ಎಣ್ಣೆಯ ಜಿಡ್ಡಿಗೆ ನೂಲು ಲೋಹಕ್ಕೆ ಅಂಟಿಬಿಟ್ಟಿತ್ತು.

ಕಳೆದ ಶನಿವಾರ ಒಂದು ಸ್ಕ್ರೂ ಬೇಕಾಗಿ ಹಳೆಯ ಬಿಸ್ಕಿಟ್ ಡಬ್ಬಿ ತೆಗೆದಾಗ ಸಿಕ್ಕವು ಇವು. ಒಟ್ಟು ಆರು. ನೂಲು ಉಳಿದದ್ದು ಒಂದಕ್ಕೆ ಮಾತ್ರ. ಡಬ್ಬಿ ಮುಚ್ಚಿ ಇಟ್ಟುಬಿಡಬಹುದಿತ್ತು… ಆದರೆ ಅಷ್ಟರಲ್ಲಿ ಹುಬ್ಬಳ್ಳಿಯಲ್ಲಿ ಬಾಗಿಲ ಹಿಡಿಕೆ, ಬಿಜಾಗರಿ ಮಾರುತ್ತಿದ್ದ ಅಂಗಡಿಯ ಕಾಕಾ ನೆನಪಾದರು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಎಂ.ಎ. ಓದುತ್ತಿದ್ದೆ. ಧಾರವಾಡದ ಸಪ್ತಾಪುರದ ನಮ್ಮ ಮನೆಯ ಅಡುಗೆಮನೆಗೆ ಕಟ್ಟಿಗೆಯ ಕಪಾಟು ಮಾಡಿಸುವುದೆಂದಾಯಿತು. ಬಡಿಗ್ಯಾರು ಹಿತ್ತಲಲ್ಲೇ ಕೂತು ಸಾಗವಾನಿ ಹೆರೆದು ಬಾಗಿಲು ಸಿದ್ಧ ಮಾಡಿದರು. ಬಿಜಾಗರಿ ಎಷ್ಟು ಜೊತೆ, ಹಿಡಿಕೆ ಎಷ್ಟು ಎಂದು ಚೀಟಿ ಬರೆದುಕೊಟ್ಟು, ಬಾಗಿಲಿನ ದಪ್ಪ ತೋರಿಸಲು ಒಂದು ಕಟ್ಟಿಗೆ ತುಂಡನ್ನೂ ಕೈಗಿತ್ತು, ಹುಬ್ಬಳ್ಳಿಯ ಆ ಅಂಗಡಿಗೇ ಹೋಗಬೇಕು ಎಂದರು. ಆರಿಸುವ ಕೆಲಸವನ್ನು ಅಪ್ಪ ನನಗೆ ವಹಿಸಿದರು. ಓದಿದ ಹುಡುಗಿ, ಅವಳಿಗೆ ಒಳ್ಳೆಯದು ಕೆಟ್ಟದ್ದು ತಿಳಿಯುತ್ತದೆ ಎಂದು ಅವರ ನಂಬಿಕೆ. ನನ್ನ ನಂಬಿಕೆಯೂ ಅದೇ ಆಗಿತ್ತು.

ಅಡುಗೆಮನೆ ಮಾತ್ರ ಅತ್ತೆಯದು. ಅಪ್ಪನ ಅಕ್ಕ. ಅವ್ವ ನೌಕರಿಗೆ ಹೋಗುತ್ತಿದ್ದುದರಿಂದ ಎರಡೂ ಹೊತ್ತು ರೊಟ್ಟಿ ಬಡಿಯುವವಳು ಅವಳೇ. ವಾತದಿಂದ ಅವಳ ಬೆರಳ ಗಂಟುಗಳು ಬಾತು, ಬೆರಳುಗಳು ಒಳಕ್ಕೆ ಬಾಗಿದ್ದವು. ರೊಟ್ಟಿ ಅಂಗೈಯ ಕೆಲಸ, ಅದು ನಡೆಯುತ್ತಿತ್ತು. ಬೆರಳ ತುದಿಯಲ್ಲಿ ಹಿಡಿಯುವ ಯಾವುದೂ ಆಗುತ್ತಿರಲಿಲ್ಲ. ಇದು ನನಗೆ ಗೊತ್ತಿತ್ತು. ದಿನವೂ ಆ ಕೈಯಿಂದಲೇ ಉಣ್ಣುತ್ತಿದ್ದೆ.

ನಾನು ಹೊರಡುವ ಮುಂಜಾನೆ ಅವಳು, "ನಾನೂ ಬರ್ಲೇನವಾ? ಹುಬ್ಬಳ್ಳಿ ನೋಡಿ ಭಾಳ ದಿನಾ ಆತು" ಎಂದಳು.

"ಬಸ್ಸಿನ್ಯಾಗ ಗದ್ಲ ಇರ್ತದ ಅತ್ತಿ" ಎಂದೆ.

ಖರೇ ಕಾರಣ ಬೇರೆ ಇತ್ತು. ಅತ್ತೆ ಅಂಗಡಿಗೆ ಬಂದರೆ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತುಬಿಡುತ್ತಾಳೆ, ಬಂದವರ ಊರು ಮನೆತನ ವಿಚಾರಿಸುತ್ತಾಳೆ, ಓಣಿಗೆಲ್ಲ ಕೇಳುವಂತೆ ಚೌಕಾಸಿ ಮಾಡುತ್ತಾಳೆ. ನನಗೆ ಅದು ಬೇಡವಾಗಿತ್ತು.

ಅಂಗಡಿ ಪೇಟೆಯ ಇಕ್ಕಟ್ಟಾದ ಓಣಿಯೊಂದರಲ್ಲಿತ್ತು. ಗೋಡೆಗೆ ಒರಗಿಸಿದ ದೊಡ್ಡ ಹಲಗೆಯ ಮೇಲೆ ಸಣ್ಣ ಸಣ್ಣ ಬಾಗಿಲುಗಳು, ಒಂದೊಂದಕ್ಕೂ ಬೇರೆ ಬೇರೆ ಹಿಡಿಕೆ. ಪಕ್ಕದಲ್ಲಿ ಒಂದು ಬಟ್ಟಲು ಶೇಂಗಾ ಎಣ್ಣೆ. ಅಡುಗೆಮನೆಗೆ ಎಂದು ಕೇಳಿ ಬಂದವರೆಲ್ಲ ಆ ಎಣ್ಣೆಯಲ್ಲಿ ಬೆರಳು ಅದ್ದಿ ಹಿಡಿಕೆ ಎಳೆದು ನೋಡಬೇಕು. ಅದು ಕಾಕಾನ ಕ್ರಮ.

ನನಗಿಂತ ಮೊದಲು ಬಂದಿದ್ದ ಹೆಂಗಸೊಬ್ಬಳು ನಗುತ್ತಿದ್ದಳು. "ಕಾಕಾ, ಬಿಜಾಗರಿ ಮಾರಾಕ ಕುಂತೀರೋ, ಕೈ ನೋಡಿ ಭವಿಷ್ಯ ಹೇಳಾಕ ಕುಂತೀರೋ?"

"ನಾಳಿಂದು ನನಗೇನ್ ಗೊತ್ತವಾ? ನಾ ಇವತ್ತಿನ ಕೈ ನೋಡ್ತೇನಿ. ಎಳಿ, ಎಳಿ."

ನಾನು ಆಗಲೇ ಆರಿಸಿಯಾಗಿತ್ತು. ಅಡಿಕೆಯಷ್ಟೇ ಗಾತ್ರದ, ನುಣುಪಾದ ಹಿತ್ತಾಳೆ ಗುಂಡುಗಳು.

"ಮನ್ಯಾಗ ಅಡಿಗಿ ಯಾರ್ ಮಾಡ್ತಾರ?" ಕಾಕಾ ಕೇಳಿದರು.

"ನಾನ ಮಾಡ್ತೇನ್ರಿ."

ಅತ್ತೆ ಎಂದಿದ್ದರೆ ಅವರನ್ನು ಕರೆದುಕೊಂಡು ಬನ್ನಿ ಎನ್ನುತ್ತಿದ್ದರು. ಅಷ್ಟೇ… ಅಷ್ಟಕ್ಕೇ ಹೇಳಿದ ಸುಳ್ಳು. ಕಾಕಾ ಪೆನ್ನಿನ ಮಸಿ ಮೆತ್ತಿದ್ದ ನನ್ನ ಬೆರಳುಗಳನ್ನು ನೋಡಿದರು.

"ಉಗರಿಗೆ ಅರಿಷಿಣ ಕಾಣವಲ್ದಲ್ಲ ತಂಗಿ."

"ತೊಳಕೊಂಡ ಬಂದೇನ್ರಿ."

ಅವರು ಬಟ್ಟಲು ಮುಂದೆ ಸರಿಸಿದರು. ಎರಡು ಬೆರಳು ಅದ್ದಿ ಎಳೆದೆ. ಇಪ್ಪತ್ತೆರಡರ ಬೆರಳು, ಬಾಗಿಲು ಸಲೀಸಾಗಿ ಬಂತು.

"ನಿಮಗ ಬರತೈತಿ" ಎಂದರು ಕಾಕಾ. 'ನಿಮಗ' ಎಂಬುದನ್ನು ತುಸು ತಡೆದು ಹೇಳಿದಂತಿತ್ತು. "ಮನ್ಯಾಗ ಮತ್ಯಾರಿಗರೆ ಬರಲಿಲ್ಲಂದ್ರ ತಿರುಗಿ ತರ್ರಿ. ಬದಲಿ ಕೊಡ್ತೇನಿ."

ಬಡಿಗ್ಯಾರು ಹಿಡಿಕೆ ಕೂಡಿಸಿದ ದಿನ ಅತ್ತೆ ಅವುಗಳ ಮೇಲೆ ಅಂಗೈ ಆಡಿಸಿ, "ಭಾಳ ಛಂದ ಅದಾವ" ಎಂದಳು. ಎಳೆಯಲಿಲ್ಲ. ವಾರದೊಳಗೆ ಉಪ್ಪು, ಖಾರ, ಬೇಳೆಯ ಡಬ್ಬಿಗಳೆಲ್ಲ ಕಪಾಟಿನಿಂದ ಹೊರಗೆ ಒಲೆಯ ಕಟ್ಟೆಯ ಮೇಲೆ ಬಂದು ಕೂತವು. ನಾನು ಒಳಗಿಟ್ಟೆ. ಮತ್ತೆ ಬಂದವು. "ಹಂಗಾರ ಕಪಾಟ ಮಾಡಿಸಿದ್ದು ಯಾಕ?" ಎಂದು ಸಿಡುಕಿದೆ. ಆಮೇಲೆ ಅವಳು ತನ್ನ ಹಳೆಯ ಹಸಿರು ಇಳಕಲ್ಲ ಸೀರೆಯನ್ನು ಪಟ್ಟಿಯಾಗಿ ಹರಿದು, ಹಲ್ಲಿನಿಂದ ಗಂಟು ಬಿಗಿದು, ಆರೂ ಹಿಡಿಕೆಗಳಿಗೆ ಕುಣಿಕೆ ಕಟ್ಟಿದಳು. ಮುಂಗೈ ತೂರಿಸಿ ಎಳೆದರೆ ಬಾಗಿಲು ತೆರೆಯುತ್ತಿತ್ತು.

ಗೆಳತಿಯರು ಚಹಾಕ್ಕೆ ಬರುವ ದಿನ ನಾನು ಕತ್ತರಿ ತಂದು ಆರನ್ನೂ ಕತ್ತರಿಸಿದೆ. ತಿರುಗಿದರೆ ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು.

"ಹೇಳಿದ್ರ ನಾನ ಬಿಚ್ಚತಿದ್ನೆಲ್ಲವಾ… ಸೀರಿ ಅರಬಿ ಇನ್ನೂ ಗಟ್ಟಿ ಇತ್ತು."

ಅಷ್ಟೇ ಅಂದಳು. ಗೆಳತಿಯರಿಗೆ ಅವಲಕ್ಕಿ ಹಚ್ಚಿಕೊಟ್ಟಳು. ಕಪಾಟು ಮೆಚ್ಚಿಕೊಂಡವರಿಗೆ, "ಎಲ್ಲಾ ಇಕಿದ ಆರ್ಸಣಿಕಿ" ಎಂದು ನನ್ನನ್ನು ತೋರಿಸಿದಳು.

ಹದಿನೈದು ದಿನ ಕಳೆದಿರಬಹುದು. ನಾನು ತರಗತಿ ಮುಗಿಸಿ ಬಂದಾಗ ಬಡಿಗ್ಯಾರು ಕಪಾಟಿಗೆ ಬೇರೆ ಹಿಡಿಕೆ ಕೂಡಿಸುತ್ತಿದ್ದರು. ಕಬ್ಬಿಣದವು, ನಾಲ್ಕೂ ಬೆರಳು ಒಳಗೆ ತೂರುವಷ್ಟು ದೊಡ್ಡವು. ಅತ್ತೆ ಅವರಿಂದ ಹಳೆಯವನ್ನು ಬಿಚ್ಚಿಸಿಕೊಂಡು, ಅಂಗಡಿಯ ಗುರುತು ಕೇಳಿಕೊಂಡು, ಒಬ್ಬಳೇ ಹುಬ್ಬಳ್ಳಿಗೆ ಹೋಗಿ ಬಂದಿದ್ದಳು. ಬಡಿಗ್ಯಾರು ಹೋದ ಮೇಲೆ ರೊಟ್ಟಿಗೆ ಹಿಟ್ಟು ನಾದಲು ಕೂತಳು.

"ಭಾಳ ಛಲೋ ಮನಷ್ಯಾರವಾ. ಹಲಗ್ಯಾಗಿನ ಎಲ್ಲಾ ಬಾಗಲಾ ಎಳಸಿದ್ರು. 'ಅಡಿಗಿ ಯಾರ್ ಮಾಡ್ತಾರ' ಅಂದ್ರು. 'ನಾನರಿ' ಅಂದೆ. 'ಮತ್ತ ಆ ಹುಡಿಗಿ ತಾನ ಮಾಡ್ತೇನಿ ಅಂದ್ಲಲ್ಲ' ಅಂದ್ರು."

ನಾನು ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ಅತ್ತೆ ತಲೆ ಎತ್ತಲಿಲ್ಲ.

"'ಆಕೀನೂ ಮಾಡ್ತಾಳ್ರಿ, ಆಕಿ ಕೈರುಚಿ ಭಾಳ ಛಲೋ' ಅಂತ ಹೇಳೇನಿ. ನೀ ಎಂದಾದ್ರೂ ಆ ಅಂಗಡಿಗೆ ಹೋದ್ರ ಹಂಗ ಹೇಳು. ಇಬ್ಬರ ಮಾತು ಒಂದ ಇರ್ಲಿ."

ಬದಲಿ ಕೊಟ್ಟರೂ ಕಾಕಾ ಹಿತ್ತಾಳೆಯವನ್ನು ಇಟ್ಟುಕೊಂಡಿರಲಿಲ್ಲ. 'ಆ ಹುಡಿಗಿ ಅಡಿಗಿ ಮಾಡೂ ಮನಿಗೆ ಆಗ್ತಾವ' ಎಂದು ಅತ್ತೆಯ ಕೈಯಲ್ಲೇ ಕಳಿಸಿದ್ದರು. ಅದನ್ನು ಹೇಳುವಾಗ ಅವಳು ನಕ್ಕಳು. ಅವರು ನಂಬಿರಲಿಲ್ಲ ಎಂದು ನನಗೆ ಅರ್ಥವಾಯಿತು. ಅವಳಿಗೂ ಅರ್ಥವಾಗಿತ್ತೇನೋ…

ಆ ಓಣಿಗೆ ನಾನು ಮತ್ತೆ ಕಾಲಿಡಲಿಲ್ಲ. ಒಮ್ಮೆ ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಕಾಕಾ ತಾವಾಗಿಯೇ ಗುರುತು ಹಿಡಿದು, "ಅತ್ತಿಯವರು ಆರಾಮ ಅದಾರೇನ್ ತಂಗಿ? ಹಿಡಿಕಿ ಕೈಗೆ ಹೊಂದ್ಯಾವೇನು?" ಎಂದು ಕೇಳಿದರು. "ಹೂನ್ರಿ" ಎಂದು ಎದುರಿಗೆ ನಿಂತಿದ್ದ ಬಸ್ಸು ಹತ್ತಿಬಿಟ್ಟೆ. ಅದು ಧಾರವಾಡಕ್ಕೆ ಹೋಗುವ ಬಸ್ಸಾಗಿರಲಿಲ್ಲ.

ಅತ್ತೆ ತೀರಿಕೊಂಡು ನಾಲ್ಕು ವರ್ಷವಾಯಿತು. ತಪ್ಪಾಯಿತು ಎಂದು ನಾನು ಅವಳಿಗೆ ಹೇಳಲಿಲ್ಲ. ಕಾಕಾನಿಗಾದರೂ ಹೇಳಬಹುದೆಂದು ಡಬ್ಬಿ ತೆಗೆದ ಆ ಶನಿವಾರವೇ ಮಧ್ಯಾಹ್ನ ಆರೂ ಹಿಡಿಕೆಗಳನ್ನು ಚೀಲಕ್ಕೆ ಹಾಕಿಕೊಂಡು ಹುಬ್ಬಳ್ಳಿಗೆ ಹೋದೆ. ಅಂಗಡಿ ಇದ್ದಲ್ಲಿ ಮೊಬೈಲ್ ರಿಪೇರಿ ನಡೆದಿತ್ತು.

"ಕಾಕಾ ಹೋಗಿ ಎರಡ ವರ್ಷ ಆತ್ರಿ" ಎಂದರು ಪಕ್ಕದ ಹಗ್ಗದ ಅಂಗಡಿಯವರು. "ನೀವು ಅವರ ಪೈಕಿ ಏನ್ರಿ?"

"ಇಲ್ರಿ, ಗಿರಾಕಿ" ಎಂದೆ.

ಮರುದಿನ ಮುಂಜಾನೆ ಬೇಗ ಎದ್ದು, ಸಪ್ತಾಪುರದ ಅದೇ ಅಡುಗೆಮನೆಯ ಕೆಳಗಿನ ಕಪಾಟಿನ ಕಬ್ಬಿಣದ ಹಿಡಿಕೆ ಬಿಚ್ಚಿದೆ. ಅದರ ಎರಡು ತೂತುಗಳಲ್ಲಿ ಮೇಲಿನದು ಹಳೆಯ ಗುಂಡಿನದೇ. ನೂಲು ಉಳಿದಿದ್ದ ಗುಂಡನ್ನು ಅಲ್ಲಿ ತಿರುಗಿಸಿ ಕೂಡಿಸಿದೆ. ಕೈಗೆ ಎಣ್ಣೆ ಹಚ್ಚಿಕೊಂಡು, ಬೆರಳುಗಳನ್ನು ಅತ್ತೆಯವಂತೆ ಒಳಕ್ಕೆ ಮಡಿಚಿ ಎಳೆದೆ. ಜಾರಿತು. ಮತ್ತೆ ಎಳೆದೆ. ಜಾರಿತು. ನನ್ನ ಓಢಣಿಯ ಅಂಚನ್ನು ಹರಿದು, ಹಲ್ಲಿನಿಂದ ಗಂಟು ಬಿಗಿದು, ಮುಂಗೈ ತೂರಿಸಿದೆ. ಬಾಗಿಲು ತೆರೆಯಿತು. ಉಪ್ಪಿನ ಡಬ್ಬಿ ತೆಗೆದುಕೊಂಡು ಒಲೆ ಹೊತ್ತಿಸಿದೆ.

ಆ ಸಂಜೆ ನಾನು ಕಲಿಸುವ ಕಾಲೇಜಿನ ಸಹೋದ್ಯೋಗಿಗಳು ಚಹಾಕ್ಕೆ ಬರುವವರಿದ್ದರು. ಕುಣಿಕೆಯನ್ನು ಬಿಚ್ಚಲಿಲ್ಲ.